ಕೊಂಢವಾ ‘ಖುರ್ದ್’, ಕೊಂಢವಾ ‘ಬುದ್ರುಕ್’: ಪುಣೆಯ ಊರಿನ ಹೆಸರಲ್ಲೇ ಅಡಗಿದೆ ಇರಾನ್! ಕನ್ನಡಿಗರಿಗೂ ಹತ್ತಿರವಾದ ದೇಶದ ಕುತೂಹಲಕಾರಿ ಸಂಗತಿಗಳಿವು

ಪುಣೆ: ಬೆಂಗಳೂರು ಕಡೆಯಿಂದ ಹೆದ್ದಾರಿ ಹಿಡಿದು ಪುಣೆಗೆ ಹೋದವರಿಗೆ ಕಾತ್ರಜ್ ಘಾಟ್ ಇಳಿಯುತ್ತಿದ್ದಂತೆ ಬಲಕ್ಕೆ ಕೊಂಢವಾ ಕಡೆಗೆ ಹೋಗುವ ದಾರಿಯ ಬೋರ್ಡ್ ಕಾಣುತ್ತದೆ. ಒಂದು ಕಾಲಕ್ಕೆ ಹೊಲ, ಕಲ್ಲುಗುಡ್ಡಗಳಿದ್ದ ಹಳ್ಳಿ ಇದು. ಇಲ್ಲಿನ ಪ್ರಮುಖ ವೃತ್ತಕ್ಕೆ ಇಂದಿಗೂ ‘ಖಡಿ ಮಶಿನ್ ಚೌಕ್’ ಎಂದೇ ಹೆಸರು. ಖಡಿ ಎಂದರೆ ಜಲ್ಲಿ, ಖಡಿ ಮಶಿನ್ ಎಂದರೆ ಜಲ್ಲಿ ಒಡೆಯುವ ಯಂತ್ರ. ಈಗ ಅಪಾರ್ಟ್‌ಮೆಂಟ್‌ಗಳು, ಐಟಿ ಉದ್ಯೋಗಿಗಳು, ಸೇನೆಯ ನಿವೃತ್ತ ಅಧಿಕಾರಿಗಳು, ಪುಣೆಯ ಕಾಲೇಜುಗಳಿಗೆ ಓದಲು ಬರುವ ಪಶ್ಚಿಮ ಏಷ್ಯಾ, ಆಫ್ರಿಕಾದ ವಿದ್ಯಾರ್ಥಿಗಳು ಎಲ್ಲರೂ ಸೇರಿ ಕೊಂಢವಾ ಪುಣೆಯ ಅತ್ಯಂತ ದಟ್ಟ ಉಪನಗರಗಳಲ್ಲಿ ಒಂದಾಗಿದೆ.

ಆದರೆ ಇಲ್ಲಿಗೆ ಇರಾನ್ ನಂಟು ಬಂದಿದ್ದು ಈ ವಿದ್ಯಾರ್ಥಿಗಳಿಂದಲ್ಲ. ಅದಕ್ಕೂ ಶತಮಾನಗಳ ಮೊದಲೇ ಊರಿನ ಹೆಸರಿಗೇ ಅದು ಅಂಟಿಕೊಂಡಿತ್ತು!

ಖುರ್ದ್ ಅಂದ್ರೆ ಚಿಕ್ಕದು, ಬುದ್ರುಕ್ ಅಂದ್ರೆ ದೊಡ್ಡದು

ಕೊಂಢವಾ ಒಂದಲ್ಲ, ಎರಡು. ಒಂದು ಕೊಂಢವಾ ಖುರ್ದ್, ಇನ್ನೊಂದು ಕೊಂಢವಾ ಬುದ್ರುಕ್. ಪಾರ್ಸಿ ಭಾಷೆಯಲ್ಲಿ ‘ಖುರ್ದ್’ ಎಂದರೆ ಸಣ್ಣದು. ‘ಬುಜುರ್ಗ್’ ಎಂದರೆ ದೊಡ್ಡದು, ಹಿರಿಯದು. ಈ ಬುಜುರ್ಗ್ ಮರಾಠಿ ಬಾಯಲ್ಲಿ ಬುದ್ರುಕ್ ಆಯಿತು. ಒಂದೇ ಹೆಸರಿನ ಎರಡು ಊರುಗಳಿದ್ದಾಗ ಕಂದಾಯ ಲೆಕ್ಕದಲ್ಲಿ ಗೊಂದಲವಾಗದಿರಲಿ ಎಂದು ದಖ್ಖನ್ ಸುಲ್ತಾನರ ಕಾಲದ ಆಡಳಿತ ಹೀಗೆ ಬೇರ್ಪಡಿಸಿ ಬರೆದುಕೊಂಡಿತು. ಪುಣೆ ಸುತ್ತ ಇಂಥ ಜೋಡಿ ಊರುಗಳು ಬೇಕಾದಷ್ಟಿವೆ. ಆಂಬೇಗಾಂವ್ ಖುರ್ದ್ ಮತ್ತು ಆಂಬೇಗಾಂವ್ ಬುದ್ರುಕ್ ಇನ್ನೊಂದು ಉದಾಹರಣೆ.

ಇದೇನು ಮಹಾರಾಷ್ಟ್ರದ ಕಥೆ ಮಾತ್ರ ಅಂದುಕೊಳ್ಳಬೇಡಿ. ಬೆಳಗಾವಿ ನಗರದ ಪಕ್ಕದಲ್ಲೇ ಇರುವ ‘ಕಂಗ್ರಾಳಿ ಬಿ.ಕೆ.’ ಮತ್ತು ‘ಕಂಗ್ರಾಳಿ ಕೆ.ಎಚ್.’ ಬೋರ್ಡ್‌ಗಳನ್ನು ನೋಡಿದವರು ಇದು ಯಾರದೋ ಇನಿಷಿಯಲ್ ಇರಬೇಕು ಅಂದುಕೊಂಡಿರಬಹುದು. ಅಲ್ಲ, ಬಿ.ಕೆ. ಎಂದರೆ ಬುದ್ರುಕ್, ಕೆ.ಎಚ್. ಎಂದರೆ ಖುರ್ದ್. ಕನ್ನಡದಲ್ಲಿ ನಾವು ದೊಡ್ಡಬಳ್ಳಾಪುರ-ಚಿಕ್ಕಬಳ್ಳಾಪುರ, ಹಿರೇಬಾಗೇವಾಡಿ-ಚಿಕ್ಕಬಾಗೇವಾಡಿ ಎನ್ನುವ ಹಾಗೆಯೇ ಇದೂ.

ತಮಾಷೆ ಏನೆಂದರೆ ಕೊಂಢವಾ ಖುರ್ದ್ ಈಗ ಹೆಸರಿಗಷ್ಟೇ ಚಿಕ್ಕದು. ರಿಸರ್ವ್ ಬ್ಯಾಂಕ್ 1969ರಲ್ಲಿ ಹುಟ್ಟುಹಾಕಿದ ರಾಷ್ಟ್ರೀಯ ಬ್ಯಾಂಕ್ ಮ್ಯಾನೇಜ್‌ಮೆಂಟ್ ಸಂಸ್ಥೆ (ಎನ್‌ಐಬಿಎಂ) ಇರುವುದು ಇದೇ ‘ಸಣ್ಣ’ ಊರಿನಲ್ಲಿ. ಅದರ ಮುಂದಿನ ಎನ್‌ಐಬಿಎಂ ರಸ್ತೆ ಇಂದು ಪುಣೆಯ ದುಬಾರಿ ವಸತಿ ಪ್ರದೇಶ.

ಪಾರ್ಸಿ ಪದ ತೆಗೆಯಲು ನಿಘಂಟನ್ನೇ ಬರೆಸಿದ್ದ ಶಿವಾಜಿ

1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಶುರುವಾದ ಮೇಲೆ ದಖ್ಖನ್ ಆಡಳಿತದಲ್ಲಿ ಪಾರ್ಸಿ ನುಡಿ ಬೇರುಬಿಟ್ಟಿತು. ಛತ್ರಪತಿ ಶಿವಾಜಿ ಮಹಾರಾಜರ ಕಾಲಕ್ಕೆ ಮರಾಠಿ ಕಾಗದಪತ್ರಗಳ ತುಂಬಾ ಪಾರ್ಸಿ-ಅರಬಿ ಪದಗಳೇ. ಹೀಗಾಗಿ ಪಟ್ಟಾಭಿಷೇಕದ ನಂತರ ಶಿವಾಜಿ ‘ರಾಜ್ಯವ್ಯವಹಾರ ಕೋಶ’ ಎಂಬ ನಿಘಂಟನ್ನು ಬರೆಸಿದರು. ರಘುನಾಥ ಪಂಡಿತರ ಉಸ್ತುವಾರಿಯಲ್ಲಿ ಸಿದ್ಧವಾದ ಈ ಕೋಶದಲ್ಲಿ ಸುಮಾರು 1,380 ಆಡಳಿತ ಪದಗಳಿಗೆ ಸಂಸ್ಕೃತದ ಪರ್ಯಾಯಗಳನ್ನು ಕೊಡಲಾಗಿತ್ತು.

ಆದರೂ ಊರುಗಳ ಹೆಸರಿನ ಬಾಲದಲ್ಲಿದ್ದ ಖುರ್ದ್, ಬುದ್ರುಕ್ ಹಾಗೆಯೇ ಉಳಿದವು. ಜನರ ಬಾಯಿಗೆ ಹತ್ತಿದ ಪದವನ್ನು ತೆಗೆಯುವುದು ಅಷ್ಟು ಸುಲಭವಲ್ಲ.

ಕನ್ನಡದ ವಿಷಯವೂ ಅಷ್ಟೇ. ಸರ್ಕಾರ, ದರ್ಬಾರು, ಜಮೀನು, ರಸ್ತೆ, ಕಾರ್ಖಾನೆ, ಗುಮಾಸ್ತ, ದಸ್ತಾವೇಜು, ಬಂದೋಬಸ್ತು, ಸಿಪಾಯಿ, ದರ್ಜಿ, ರುಮಾಲು, ಶಾಮಿಯಾನ, ಅಂದಾಜು, ಖುಷಿ... ಇವೆಲ್ಲ ಪಾರ್ಸಿಯಿಂದ ಬಂದವು. ಅಷ್ಟೇ ಏಕೆ, ‘ಯಾಕೋ ಬೇಜಾರು’ ಎಂದು ನಾವು ದಿನಕ್ಕೆ ಹತ್ತು ಸಲ ಹೇಳುವ ಬೇಜಾರು ಕೂಡ ಪಾರ್ಸಿಯೇ. ಗುಲಾಬಿಯ ಮೂಲ ನೋಡಿದರೆ ಗುಲ್ (ಹೂವು) ಮತ್ತು ಆಬ್ (ನೀರು) ಸೇರಿ ಆದ ಪದ, ಅಂದರೆ ಪನ್ನೀರು. ಬೆಂಗಳೂರಿನ ಲಾಲ್‌ಬಾಗ್‌ನ ‘ಬಾಗ್’ ಮತ್ತು ಕೊಂಢವಾದ ಕೌಸರ್ ಬಾಗ್ ಬಡಾವಣೆಯ ‘ಬಾಗ್’ ಒಂದೇ. ಅದರ ಅರ್ಥ ತೋಟ.

ಎಂಟೂವರೆ ಕರ್ನಾಟಕದಷ್ಟು ದೊಡ್ಡ ದೇಶ

ಇರಾನ್ ವಿಸ್ತೀರ್ಣ ಸುಮಾರು 16.48 ಲಕ್ಷ ಚದರ ಕಿ.ಮೀ. ಅಂದರೆ ಎಂಟೂವರೆ ಕರ್ನಾಟಕವನ್ನು ಅದರೊಳಗೆ ಕೂರಿಸಬಹುದು. ಜನಸಂಖ್ಯೆ ಸುಮಾರು 9 ಕೋಟಿ. ಪುಣೆಯಲ್ಲಿ ಬೆಳಗ್ಗೆ 10 ಗಂಟೆಯಾದಾಗ ತೆಹ್ರಾನ್‌ನಲ್ಲಿ ಸರಿಯಾಗಿ 8 ಗಂಟೆ. ನಮ್ಮ ಹಾಗೆ ಅವರದ್ದೂ ‘ಅರ್ಧ ಗಂಟೆ’ಯ ಲೆಕ್ಕದ ಸಮಯ.

ಪರ್ಷಿಯಾ ಎಂಬುದು ಹೊರಗಿನವರು ಕರೆಯುತ್ತಿದ್ದ ಹೆಸರು. ದೇಶದ ದಕ್ಷಿಣದ ‘ಪಾರ್ಸ್’ (ಇಂದಿನ ಫಾರ್ಸ್) ಪ್ರಾಂತ್ಯದಿಂದ ಗ್ರೀಕರು ಕಟ್ಟಿಕೊಂಡ ಹೆಸರದು. ಅಲ್ಲಿನವರು ತಮ್ಮ ನಾಡನ್ನು ಕರೆಯುತ್ತಿದ್ದುದು ಇರಾನ್ ಎಂದೇ. 1935ರಲ್ಲಿ ಅಂದಿನ ದೊರೆ ರೆಜಾ ಶಾ, ಇನ್ನು ಮುಂದೆ ನೀವೂ ಇರಾನ್ ಎಂದೇ ಬರೆಯಿರಿ ಎಂದು ವಿದೇಶಗಳಿಗೆ ತಿಳಿಸಿದರು.

ಮರುಭೂಮಿ ದೇಶ ಎಂಬ ಚಿತ್ರಣ ಅರ್ಧ ಸತ್ಯ ಮಾತ್ರ. ದಶ್ತ್-ಎ-ಲೂತ್ ಮರುಭೂಮಿಯ ನೆಲದ ಮೇಲ್ಮೈ 2005ರಲ್ಲಿ 70.7 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದಿದ್ದನ್ನು ನಾಸಾ ಉಪಗ್ರಹ ದಾಖಲಿಸಿತ್ತು (ಗಮನಿಸಿ, ಇದು ನೆಲದ ಬಿಸಿ, ಗಾಳಿಯದ್ದಲ್ಲ). ಆದರೆ ಉತ್ತರದಲ್ಲಿ ಕ್ಯಾಸ್ಪಿಯನ್ ಸಮುದ್ರದ ದಂಡೆಗೆ ಹೋದರೆ ನಮ್ಮ ಮಲೆನಾಡೇ ನೆನಪಾಗಬೇಕು. ಮಳೆ, ಮಂಜು, ಭತ್ತದ ಗದ್ದೆ, ಚಹಾ ತೋಟ. ಅಲ್ಲಿನ ಹಿರ್ಕಾನಿಯನ್ ಕಾಡುಗಳು ಕೋಟ್ಯಂತರ ವರ್ಷಗಳಷ್ಟು ಹಳೆಯವು. 2019ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿವೆ.

ಹೊಸ ವರ್ಷ ‘ನೌರೂಜ್’ ನಮ್ಮ ಯುಗಾದಿಯ ಆಸುಪಾಸಿನಲ್ಲೇ, ಮಾರ್ಚ್ 20 ಅಥವಾ 21ಕ್ಕೆ ಬರುತ್ತದೆ. ಹಗಲು-ರಾತ್ರಿ ಸಮವಾಗುವ ವಸಂತ ವಿಷುವದ ಕ್ಷಣವೇ ವರ್ಷದ ಆರಂಭ. ಅದು ನಡುರಾತ್ರಿ ಬಂದರೂ ಸರಿ, ಮಧ್ಯಾಹ್ನ ಬಂದರೂ ಸರಿ, ಮನೆಮಂದಿ ಅಷ್ಟೊತ್ತಿಗೆ ಮೇಜಿನ ಸುತ್ತ ಕೂತಿರುತ್ತಾರೆ. ಆ ಮೇಜಿನ ಮೇಲೆ ‘ಸ’ ಅಕ್ಷರದಿಂದ ಶುರುವಾಗುವ ಏಳು ವಸ್ತುಗಳಿರಬೇಕು. ಹದಿಮೂರನೇ ದಿನ ಮನೆಯೊಳಗೆ ಕೂರುವುದು ಅಶುಭವೆಂದು ಇಡೀ ದೇಶವೇ ಬುತ್ತಿ ಕಟ್ಟಿಕೊಂಡು ಹೊರಗೆ ಹೋಗುತ್ತದೆ!

ಇರಾನಿ ಚಾಯ್ ಇರಾನ್‌ನಲ್ಲಿ ಸಿಗಲ್ಲ!

ಪುಣೆಗೆ ಹೋದವರು ಡೆಕ್ಕನ್‌ನ ಕೆಫೆ ಗುಡ್‌ಲಕ್‌ನಲ್ಲಿ (1935ರಲ್ಲಿ ಶುರುವಾಗಿದ್ದು) ಬನ್ ಮಸ್ಕಾ, ಇರಾನಿ ಚಾಯ್ ಸವಿಯದೇ ಬರುವುದಿಲ್ಲ. ಕ್ಯಾಂಪ್‌ನ ಕಯಾನಿ ಬೇಕರಿಯ ಶ್ರೂಸ್‌ಬರಿ ಬಿಸ್ಕತ್ತು ಊರಿಗೆ ತರುವ ಕಟ್ಟಳೆಯೂ ಉಂಟು. ಇದರ ಹೆಸರು ಮಾತ್ರ ಇಂಗ್ಲೆಂಡಿನ ಊರಿನದ್ದು. ಹತ್ತೊಂಬತ್ತನೇ ಶತಮಾನದ ಕೊನೆ ಮತ್ತು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಇರಾನ್‌ನ ಯಜ್ದ್, ಕೆರ್ಮಾನ್ ಕಡೆಯಿಂದ ಬಂದ ಜರತುಷ್ಟ್ರ ಧರ್ಮೀಯರು ಹಾಗೂ ಮುಸ್ಲಿಮರು ಮುಂಬೈ, ಪುಣೆ, ಹೈದರಾಬಾದ್‌ಗಳಲ್ಲಿ ತೆರೆದ ಹೋಟೆಲ್‌ಗಳಿವು.

ಆದರೆ ದಪ್ಪ ಹಾಲಿನ ‘ಇರಾನಿ ಚಾಯ್’ ಇಲ್ಲಿ ಹುಟ್ಟಿದ್ದು. ಇರಾನ್‌ನಲ್ಲಿ ಚಹಾಕ್ಕೆ ಹಾಲು ಹಾಕುವುದಿಲ್ಲ. ಸಕ್ಕರೆ ಅಚ್ಚನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಕಪ್ಪು ಚಹಾ ಹೀರುವುದು ಅಲ್ಲಿನ ಪದ್ಧತಿ. ಇನ್ನೂ ಮಜಾ ಅಂದರೆ, ಅಲ್ಲಿ ಚಹಾ ಬೆಳೆ ಶುರುವಾಗಿದ್ದೇ ಭಾರತದ ಗಿಡಗಳಿಂದ. 1900ರ ಆಸುಪಾಸಿನಲ್ಲಿ ಭಾರತದಲ್ಲಿ ಇರಾನ್‌ನ ಕಾನ್ಸುಲ್ ಆಗಿದ್ದ ಕಾಶೆಫ್ ಅಲ್-ಸಲ್ತನೆ ಎಂಬವರು ಕಾಂಗ್ರಾ ಕಣಿವೆಯಿಂದ ಸಸಿಗಳನ್ನು ಒಯ್ದು ಕ್ಯಾಸ್ಪಿಯನ್ ದಂಡೆಯ ಲಾಹಿಜಾನ್‌ನಲ್ಲಿ ನೆಟ್ಟರು. ಚಹಾ ಕೃಷಿಯ ಗುಟ್ಟನ್ನು ಬ್ರಿಟಿಷರು ಬಿಟ್ಟುಕೊಡುತ್ತಿರಲಿಲ್ಲವಾದ್ದರಿಂದ ಅವರು ಫ್ರೆಂಚ್ ವ್ಯಾಪಾರಿಯ ವೇಷ ಹಾಕಿ ಕಲಿತರು ಎಂಬ ಕಥೆಯೂ ಇದೆ. ಅವರ ಸಮಾಧಿ ಇರುವ ಜಾಗವೇ ಈಗ ಚಹಾ ವಸ್ತುಸಂಗ್ರಹಾಲಯ. ಅದಕ್ಕೂ ಮುನ್ನ ಅಲ್ಲಿದ್ದದ್ದು ಕಾಫಿ ಅಂಗಡಿಗಳು. ಇಂದಿಗೂ ಹಳೇ ಚಹಾದಂಗಡಿಗಳನ್ನು ಅಲ್ಲಿ ‘ಕಹ್ವೆಖಾನೆ’, ಅಂದರೆ ಕಾಫಿ ಮನೆ ಎಂದೇ ಕರೆಯುತ್ತಾರೆ!

ಪುಲಿಕೇಶಿಯ ದೂತರು ಹೋಗಿದ್ದರೇ?

ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಿಕೇಶಿ ಮತ್ತು ಪರ್ಷಿಯಾದ ಸಾಸಾನಿ ದೊರೆ ಎರಡನೇ ಖುಸ್ರೋ ಸಮಕಾಲೀನರು. ಖುಸ್ರೋ ಆಳ್ವಿಕೆಯ 36ನೇ ವರ್ಷದಲ್ಲಿ (ಸುಮಾರು ಕ್ರಿ.ಶ. 625) ಭಾರತದ ರಾಜನೊಬ್ಬ ಕಾಣಿಕೆ, ಪತ್ರಗಳೊಂದಿಗೆ ದೂತರನ್ನು ಕಳುಹಿಸಿದ್ದನೆಂದು ಇತಿಹಾಸಕಾರ ಅಲ್-ತಬರಿ ಬರೆದಿದ್ದಾನೆ. ಅಲ್ಲಿ ಬರುವ ರಾಜನ ಹೆಸರನ್ನು ಪುಲಿಕೇಶಿ ಎಂದೋ, ಅವನ ಬಿರುದಾದ ‘ಪರಮೇಶ್ವರ’ ಎಂದೋ ವಿದ್ವಾಂಸರು ಓದಿದ್ದಾರೆ.

ಅಜಂತಾದ ಒಂದನೇ ಗುಹೆಯ ವರ್ಣಚಿತ್ರ ಪುಲಿಕೇಶಿಯ ಆಸ್ಥಾನಕ್ಕೆ ಬಂದ ಪರ್ಷಿಯಾ ರಾಯಭಾರಿಗಳದ್ದು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹತ್ತೊಂಬತ್ತನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಹಾಗೆಂದು ಗುರುತಿಸಿದ್ದ. ಆದರೆ ಈ ಗುಹೆ ಐದನೇ ಶತಮಾನದ್ದು, ಅಂದರೆ ಪುಲಿಕೇಶಿಗಿಂತ ನೂರಕ್ಕೂ ಹೆಚ್ಚು ವರ್ಷ ಹಳೆಯದು ಎಂಬುದು ಇಂದಿನ ಬಹುತೇಕ ಕಲಾ ಇತಿಹಾಸಕಾರರ ಅಭಿಪ್ರಾಯ. ಚಿತ್ರದಲ್ಲಿರುವುದು ಬುದ್ಧನ ಜಾತಕ ಕಥೆ ಎನ್ನುತ್ತಾರೆ ಅವರು. ಟೋಪಿ, ಉಡುಪು ಮಾತ್ರ ಇರಾನಿಗರದ್ದೇ. ದೂತರಲ್ಲದಿದ್ದರೂ ವ್ಯಾಪಾರಿಗಳಂತೂ ಇಲ್ಲಿ ಓಡಾಡಿಕೊಂಡಿದ್ದರು.

ಪಂಚತಂತ್ರವನ್ನು ಆರನೇ ಶತಮಾನದಲ್ಲೇ ಬುರ್ಜೋಯ್ ಎಂಬ ವೈದ್ಯ ಪಹ್ಲವಿ ಭಾಷೆಗೆ ಒಯ್ದ. ಜಗತ್ತಿನ ಬೇರೆ ಭಾಷೆಗಳಿಗೆ ಅದು ಹರಡಿದ್ದು ಆ ದಾರಿಯಿಂದ. ಕನ್ನಡದಲ್ಲಿ ದುರ್ಗಸಿಂಹ ಪಂಚತಂತ್ರ ಬರೆದದ್ದು ಸುಮಾರು 1031ರಲ್ಲಿ.

ಬೀದರ್‌ನ ಗವಾನ್, ಬೆಂಗಳೂರಿನ ಅಲಿ ಅಸ್ಕರ್

ಮೇಲೆ ಹೇಳಿದ ಕ್ಯಾಸ್ಪಿಯನ್ ದಂಡೆಯ ಗಿಲಾನ್‌ನಿಂದಲೇ ಬಂದವನು ಮಹಮೂದ್ ಗವಾನ್. 1453ರಲ್ಲಿ ವ್ಯಾಪಾರಿಯಾಗಿ ಬೀದರ್‌ಗೆ ಬಂದ ಈತ ಬಹಮನಿ ರಾಜ್ಯದ ಪ್ರಧಾನಿಯಾದ. 1472ರಲ್ಲಿ ಅವನು ಕಟ್ಟಿಸಿದ ಮದರಸಾದ ಗೋಡೆಯಲ್ಲಿ ಪರ್ಷಿಯಾ ಶೈಲಿಯ ನೀಲಿ, ಹಸಿರು ಹೆಂಚುಗಳ ಚೂರುಗಳು ಈಗಲೂ ಹೊಳೆಯುತ್ತವೆ. ಇದ್ದ ಎರಡು ಮಿನಾರುಗಳಲ್ಲಿ ಉಳಿದಿರುವುದು ಒಂದೇ. ಔರಂಗಜೇಬನ ಕಾಲದಲ್ಲಿ ನಡೆದ ಸ್ಫೋಟದಲ್ಲಿ ಕಟ್ಟಡದ ದೊಡ್ಡ ಭಾಗ ಕುಸಿಯಿತು.

ಗವಾನ್ ಅಂತ್ಯ ದಾರುಣವಾದದ್ದು. ಆಸ್ಥಾನದ ವೈರಿಗಳು ಖಾಲಿ ಕಾಗದಕ್ಕೆ ಅವನ ಮೊಹರು ಒತ್ತಿಸಿಕೊಂಡು, ಶತ್ರು ರಾಜನಿಗೆ ಬರೆದಂತೆ ಸುಳ್ಳು ಪತ್ರ ಸೃಷ್ಟಿಸಿದರು. ಸುಲ್ತಾನ ಮೂರನೇ ಮುಹಮ್ಮದ್ ವಿಚಾರಣೆಯನ್ನೇ ನಡೆಸದೆ 1481ರಲ್ಲಿ ವೃದ್ಧ ಪ್ರಧಾನಿಯ ತಲೆ ಕಡಿಸಿದ. ಸತ್ಯ ತಿಳಿದಾಗ ತಡವಾಗಿತ್ತು. ಮರುವರ್ಷ ಸುಲ್ತಾನನೂ ತೀರಿಕೊಂಡ. ಮುಂದಿನ ಕೆಲ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು. ಪುಣೆ ಸೀಮೆ ಅಹ್ಮದ್‌ನಗರದ ನಿಜಾಮಶಾಹಿಯ ಪಾಲಾಯಿತು.

ಹತ್ತೊಂಬತ್ತನೇ ಶತಮಾನದಲ್ಲಿ ಇನ್ನೊಬ್ಬ ಬಂದ. ಶಿರಾಜ್ ನಗರದ ಕುದುರೆ ವ್ಯಾಪಾರಿ ಆಗಾ ಅಲಿ ಅಸ್ಕರ್. ಬೆಂಗಳೂರಿನಲ್ಲಿ ನೆಲೆಸಿ ಕುದುರೆ ಮಾರಿದ, ದಂಡು ಪ್ರದೇಶದಲ್ಲಿ ಬಂಗಲೆಗಳನ್ನು ಕಟ್ಟಿಸಿದ. ಅವನ ಹೆಸರಿನ ಅಲಿ ಅಸ್ಕರ್ ರಸ್ತೆ ಇಂದಿಗೂ ಇದೆ. ಅವನ ಮೊಮ್ಮಗ ಯಾರು ಗೊತ್ತೇ? 1926ರಿಂದ 1941ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್! ಕೆಆರ್‌ಎಸ್‌ನ ಬೃಂದಾವನ ಉದ್ಯಾನ ಅರಳಿದ್ದು ಅವರ ಆಸಕ್ತಿಯಿಂದ. ನೇರ ಕಾಲುವೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕಾರಂಜಿಗಳ ಆ ಮಾದರಿ ಮೊಘಲರ ಮೂಲಕ ಬಂದ ಪರ್ಷಿಯಾ ತೋಟದ್ದೇ.

ನೀರಿನ ಸುರಂಗ: ಯಜ್ದ್, ಬೀದರ್, ಕಾತ್ರಜ್

ಮಳೆಯೇ ಅಪರೂಪವಾದ ನಾಡಿನಲ್ಲಿ ತೋಟ ಬೆಳೆದದ್ದು ಹೇಗೆ? ಉತ್ತರ ‘ಕನಾತ್’. ಬೆಟ್ಟದ ಬುಡದಲ್ಲಿ ಅಂತರ್ಜಲ ಸಿಗುವವರೆಗೆ ಒಂದು ‘ತಾಯಿ ಬಾವಿ’ ತೋಡುತ್ತಾರೆ. ಅಲ್ಲಿಂದ ಊರಿನತ್ತ ಸ್ವಲ್ಪವೇ ಇಳಿಜಾರಾಗಿ ನೆಲದಡಿ ಸುರಂಗ ಕೊರೆಯುತ್ತಾರೆ. ಮಣ್ಣು ಎತ್ತಲು, ಗಾಳಿಯಾಡಲು ಅಲ್ಲಲ್ಲಿ ಲಂಬವಾದ ಬಾವಿಗಳು. ಪಂಪ್ ಇಲ್ಲ, ಏತ ಇಲ್ಲ. ನೀರು ತನ್ನಷ್ಟಕ್ಕೆ ಹರಿದು ಬರುತ್ತದೆ, ಬಿಸಿಲಿಗೆ ಆವಿಯಾಗುವುದೂ ಇಲ್ಲ. ಗೊನಾಬಾದ್‌ನ ಕನಾತ್ 33 ಕಿ.ಮೀ. ಉದ್ದವಿದೆ. ಇಂಥ 11 ಕನಾತ್‌ಗಳು 2016ರಲ್ಲಿ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು.

ಇದೇ ತಂತ್ರ ಬಹಮನಿಗಳ ಕಾಲದಲ್ಲಿ ಬೀದರ್‌ಗೆ ಬಂತು. ಇಲ್ಲಿ ಅದರ ಹೆಸರು ಕರೇಜ್, ಜನರ ಬಾಯಲ್ಲಿ ಸುರಂಗ ಬಾವಿ. ಬೀದರ್‌ನ ಮುರಕಲ್ಲಿನ ಪದರ ಮಳೆನೀರನ್ನು ಹೀರಿಕೊಳ್ಳುತ್ತದೆ, ಅದರ ಕೆಳಗಿನ ಗಟ್ಟಿ ಕಪ್ಪುಕಲ್ಲು ನೀರನ್ನು ತಡೆದು ನಿಲ್ಲಿಸುತ್ತದೆ. ಈ ಗುಣವನ್ನು ಅರಿತೇ ಸುರಂಗ ಕೊರೆದಿದ್ದಾರೆ. ನೌಬಾದ್‌ನ ಕರೇಜ್ ಸುಮಾರು ಮೂರು ಕಿ.ಮೀ. ಉದ್ದವಿದೆ. ಗಾಳಿ ಬಾವಿಗಳು ಮಣ್ಣು, ಕಸದಲ್ಲಿ ಮುಚ್ಚಿಹೋಗಿ ಬಹುಕಾಲ ಜನ ಇದನ್ನು ಮರೆತೇಬಿಟ್ಟಿದ್ದರು. ಕಳೆದ ದಶಕದಲ್ಲಿ ಸಂಶೋಧಕರ ಒತ್ತಾಯದ ಮೇಲೆ ಹೂಳೆತ್ತುವ ಕೆಲಸ ನಡೆಯಿತು. ವಿಜಯಪುರದ ಸುರಂಗ ಬಾವಡಿ ಸೇರಿದಂತೆ ದಖ್ಖನ್‌ನ ಪುರಾತನ ನೀರಿನ ವ್ಯವಸ್ಥೆಗಳು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ 2020ರ ‘ಗಮನ ಬೇಕಾದ ತಾಣ’ಗಳ ಪಟ್ಟಿಯಲ್ಲಿದ್ದವು.

ಕೊಂಢವಾ ಪಕ್ಕದ ಕಾತ್ರಜ್‌ಗೆ ಬಂದರೆ ಅಲ್ಲೂ ಇಂಥದೇ ಒಂದು ಕಾಮಗಾರಿ ಇದೆ. ಹದಿನೆಂಟನೇ ಶತಮಾನದ ಮಧ್ಯದಲ್ಲಿ ನಾನಾಸಾಹೇಬ್ ಪೇಶ್ವೆ ಕಾತ್ರಜ್ ಕೆರೆಯಿಂದ ಶನಿವಾರವಾಡದವರೆಗೆ ನೆಲದಡಿ ಕಲ್ಲಿನ ಕಾಲುವೆ ಕಟ್ಟಿಸಿದರು. ಅದರ ಗಾಳಿಗಂಡಿಗಳಿಗೆ ಮರಾಠಿಯಲ್ಲಿ ‘ಉಚ್ಛ್ವಾಸ’ ಎಂಬ ಚೆಂದದ ಹೆಸರು. ಇದು ಕೆರೆನೀರನ್ನು ಸಾಗಿಸುವ ಕಾಲುವೆಯೇ ಹೊರತು ಅಂತರ್ಜಲದ ಕನಾತ್ ಅಲ್ಲ. ಆದರೆ ಇಳಿಜಾರು ಮತ್ತು ಗಾಳಿಗಂಡಿಯ ಲೆಕ್ಕ ಒಂದೇ. ಅದೇ ಕಾತ್ರಜ್-ಕೊಂಢವಾ ರಸ್ತೆಯಲ್ಲಿ ಈಗ ಬೇಸಿಗೆ ಬಂದರೆ ನೀರಿನ ಟ್ಯಾಂಕರ್‌ಗಳ ಸಾಲು.

ಇರಾನ್ ಸ್ಥಿತಿ ಇನ್ನೂ ಗಂಭೀರ. ಕಳೆದ ಶತಮಾನದ ಮಧ್ಯದಿಂದ ಕೊರೆದ ಆಳದ ಬೋರ್‌ವೆಲ್‌ಗಳು ಅಂತರ್ಜಲವನ್ನು ಕನಾತ್‌ಗಳಿಗೆ ಎಟುಕದಷ್ಟು ಕೆಳಗಿಳಿಸಿದವು. 1990ರ ದಶಕದಲ್ಲಿ ಸುಮಾರು 5,000 ಚದರ ಕಿ.ಮೀ. ಹರಡಿದ್ದ ಉರ್ಮಿಯಾ ಉಪ್ಪುನೀರಿನ ಸರೋವರದ ಬಹುಭಾಗ ಈಗ ಬಿಳಿ ಉಪ್ಪಿನ ಬಯಲು. ದೋಣಿಗಳು ಒಣ ನೆಲದ ಮೇಲೆ ಕೂತಿವೆ.

ಕನ್ನಡದ ಶಿವಂಗಿ, ಇರಾನ್‌ನ ಯೂಜ್

ಚೀತಾಗೆ ಕನ್ನಡದಲ್ಲಿ ‘ಶಿವಂಗಿ’ ಎಂಬ ಹೆಸರಿದೆ. ಬ್ರಿಟಿಷ್ ಕಾಲದ ಪ್ರಾಣಿಶಾಸ್ತ್ರ ಪುಸ್ತಕಗಳಲ್ಲೂ ಈ ಕನ್ನಡ ಹೆಸರು ದಾಖಲಾಗಿದೆ. ಅಂದರೆ ಹೆಸರಿಟ್ಟು ಕರೆಯುವಷ್ಟು ಈ ಪ್ರಾಣಿ ನಮ್ಮ ಬಯಲುಸೀಮೆಗೆ ಪರಿಚಿತವಿತ್ತು. ಭಾರತದ ಚೀತಾ ಬೇಟೆಗಾರರು ಅದನ್ನು ಕರೆಯುತ್ತಿದ್ದ ಇನ್ನೊಂದು ಹೆಸರು ‘ಯೂಜ್’, ಅದು ಪಾರ್ಸಿ. ಇರಾನ್‌ನಲ್ಲಿ ಇಂದಿಗೂ ಅದೇ ಹೆಸರು.

ಭಾರತದ ಕೊನೆಯ ಮೂರು ಚೀತಾಗಳನ್ನು ಇಂದಿನ ಛತ್ತೀಸ್‌ಗಢದ ಕೊರಿಯಾ ಸಂಸ್ಥಾನದ ಮಹಾರಾಜ 1947ರಲ್ಲಿ ಬೇಟೆಯಾಡಿದ. 1952ರಲ್ಲಿ ಚೀತಾ ಭಾರತದಿಂದ ನಿರ್ನಾಮವಾಗಿದೆ ಎಂದು ಘೋಷಿಸಲಾಯಿತು. ಅದೇ ಏಷ್ಯಾ ತಳಿಯ ಚೀತಾ ಕಾಡಿನಲ್ಲಿ ಉಳಿದಿರುವ ಏಕೈಕ ದೇಶ ಇರಾನ್. 1970ರ ದಶಕದಲ್ಲಿ ಅಲ್ಲಿಂದ ತರುವ ಮಾತುಕತೆ ನಡೆದಿತ್ತು, ಕೈಗೂಡಲಿಲ್ಲ. ಕೊನೆಗೆ 2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೋಗೆ ಬಂದಿಳಿದ ಎಂಟು ಚೀತಾಗಳು ಆಫ್ರಿಕಾ ತಳಿಯವು, ನಮೀಬಿಯಾದವು.

ಇರಾನ್‌ನಲ್ಲಿ ಎಷ್ಟಿವೆ? 2022ರ ಜನವರಿಯಲ್ಲಿ ಅಲ್ಲಿನ ಪರಿಸರ ಇಲಾಖೆಯ ಅಧಿಕಾರಿ ಕೊಟ್ಟ ಲೆಕ್ಕ 12. ಅದರಲ್ಲಿ ಹೆಣ್ಣು ಮೂರೇ ಮೂರು. ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸಾಯುವುದು, ಕುರಿಗಾಹಿಗಳ ನಾಯಿಗಳ ಕಾಟ, ಬೇಟೆ ಪ್ರಾಣಿಗಳ ಕೊರತೆ ಇದಕ್ಕೆ ಕಾರಣ. ಆ ವರ್ಷ ಮೇ ತಿಂಗಳಲ್ಲಿ ಸಂರಕ್ಷಣಾ ಕೇಂದ್ರವೊಂದರಲ್ಲಿ ‘ಇರಾನ್’ ಹೆಸರಿನ ಹೆಣ್ಣು ಚೀತಾಗೆ ಶಸ್ತ್ರಚಿಕಿತ್ಸೆ ಮೂಲಕ ಮೂರು ಮರಿಗಳು ಹುಟ್ಟಿದವು. ಎರಡು ಕೆಲವೇ ದಿನಗಳಲ್ಲಿ ಸತ್ತವು. ತಾಯಿ ಹಾಲೂಡಿಸದ ಕಾರಣ ಉಳಿದ ಒಂದು ಮರಿಯನ್ನು ಸಿಬ್ಬಂದಿಯೇ ಬಾಟಲಿ ಹಾಲು ಕೊಟ್ಟು ಸಾಕಿದರು. ಅದಕ್ಕಿಟ್ಟ ಹೆಸರು ‘ಪೀರೂಜ್’, ಅಂದರೆ ವಿಜಯಿ. ಅದರ ವಿಡಿಯೋಗಳನ್ನು ದೇಶವೇ ಕಾದು ನೋಡುತ್ತಿತ್ತು. 2023ರ ಫೆಬ್ರವರಿ 28ರಂದು, ಹತ್ತು ತಿಂಗಳ ಪೀರೂಜ್ ಮೂತ್ರಪಿಂಡ ವೈಫಲ್ಯದಿಂದ ತೆಹ್ರಾನ್‌ನ ಪಶು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆಯಿತು.

ಇರಾನ್‌ನಲ್ಲಿ ಪ್ರತಿ ವರ್ಷ ಆಗಸ್ಟ್ 31ನ್ನು ರಾಷ್ಟ್ರೀಯ ಚೀತಾ ದಿನವಾಗಿ ಆಚರಿಸುತ್ತಾರೆ. 2014ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಆ ದೇಶದ ಆಟಗಾರರು ತೊಟ್ಟಿದ್ದ ಜೆರ್ಸಿಯ ಮೇಲೂ ಇದೇ ಶಿವಂಗಿಯ ಚಿತ್ರವಿತ್ತು.